ಮನೆಯ ಮದ್ದು: ಹೊನ್ನೆಯ ಲೋಟ

ಹೊನ್ನೆಯ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು, ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಕುಡಿದರೆ ಮಧುಮೇಹವು ವಾಸಿಯಾಗುವುದೇ ಎಂದು ವಾಚಕರು ಕೇಳುವುದುಂಟು. ಉತ್ತರಕ್ಕೆ ಮೊದಲು ಮರದ ಗುರುತನ್ನು ತಿಳಿಯುವುದು ಲೇಸು. ಏಕೆಂದರೆ ನಮ್ಮಲ್ಲಿ ಎರಡು ಮರಗಳಿಗೆ ಈ ಹೆಸರಿದೆ. ಕಡಲತೀರದಲ್ಲಿ ಬೆಳೆದು ಬೀಜದಿಂದ ದೀಪದೆಣ್ಣೆಯನ್ನು ಕೊಡುವ ಹೊನ್ನೆಯು ಬೇರೆ. ಅದು ಸದಾ ಹಸುರು. ನಾವು ಹೇಳುವುದು ಕಾಡಿನ ಹೊನ್ನೆಯನ್ನು. ಇದು ನೂರಡಿಯವರೆಗೂ ಏರಿ, ವರ್ಷಕ್ಕೊಮ್ಮೆ ಎಲೆಯೆಲ್ಲವನ್ನೂ ಉದುರಿಸುವ ಮರ. ಹೂವು ಹಳದಿ, ಕಾಯಿ ನಾಣ್ಯದಂತೆ ದುಂಡಗೆ, ಚಪ್ಪಟೆ.

ತೊಗಟೆಗೆ ಕಚ್ಚು ಹಾಕಿದೊಡನೆ ನೆತ್ತರಿನಂಥ ರಸವು ಒಸರುವುದು. ಅದು ಒಣಗಿ ಗಟ್ಟಿಯಾದ ಅಂಟು ಬಹಳ ಒಗರು. ಅತಿಸಾರಕ್ಕೂ ಹಲ್ಲುನೋವಿಗೂ ನಮ್ಮವರು ಬಳಸುತ್ತಿದ್ದ ಈ ಅಂಟನ್ನು ಆಂಗ್ಲ ವೈದ್ಯರೂ ಮಲಬಾರ್ ಕೀನೋ ಎಂಬ ಹೆಸರಿನಿಂದ ತಮ್ಮ ಔಷಧಗಳಲ್ಲಿ ಸೇರಿಸಿಕೊಂಡಿದ್ದರು.

ಸಂಸ್ಕೃತದಲ್ಲಿ ಈ ಮರಕ್ಕೆ ಅಸನ, ಬೀಜಕ, ಪೀತಸಾರ ಎಂಬ ಹೆಸರುಗಳಿವೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಸನಾದಿಗಣವೆಂಬ ಒಂದು ವರ್ಗವನ್ನೇ ಹೇಳಿ, ಪ್ರಮೇಹ, ಕುಷ್ಠ, ಪಾಂಡುಗಳಿಗೆ ವಿಧಿಸಿದ್ದಾನೆ. ಆದುದರಿಂದ ಲೋಟದ ನಂಬಿಕೆಯು ನಿನ್ನೆ ಮೊನ್ನೆಯದಲ್ಲ. ಬೆಳಗಾಗುವಷ್ಟರಲ್ಲಿ ನೀರಿಗೆ ಜೇನಿನ ಬಣ್ಣ ಬಂದಿರುವುದು. ಬಿಸಿಲಿಗೆ ಹಿಡಿದರೆ ನೀಲಿಯ ಹೊಳಪು ಕಾಣುವುದು. ನೋಡಿದವರಿಗೆ ನಂಬಿಕೆ ಹುಟ್ಟಿದರೆ ಆಶ್ಚರ್ಯವಿಲ್ಲ.

ನಂಬಿಕೆಗೆ ಆಧಾರವೂ ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ರೋಗವು ಹೊಸದಾಗಿ ಗೊತ್ತಾದ 97 ಮಂದಿಯ ಪೈಕಿ 67 ಮಂದಿಗೆ 12 ವಾರಗಳಲ್ಲಿ ರಕ್ತದ ಸಕ್ಕರೆಯು ಹತೋಟಿಗೆ ಬಂದಿತು. ಆದರೆ ಅವರಿಗೆ ಕೊಟ್ಟುದು ಅಳತೆಯಿಟ್ಟ ಸಾರ, ಲೋಟದ ನೀರಲ್ಲ. ಔಷಧವಿಲ್ಲದ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡಿದುದೂ ಅಲ್ಲ. ಲೋಟದಿಂದ ಇಂದು ಎಷ್ಟು ಸಾರವಿಳಿಯಿತು, ನಾಳೆ ಎಷ್ಟು ಇಳಿದೀತು ಎಂದು ಯಾರು ಬಲ್ಲರು? ಹಳೆಯದಾದಂತೆ ಲೋಟವು ಬಣ್ಣ ಬಿಡುವುದೂ ಕಡಮೆಯಾಗುತ್ತದೆ.

ಇದನ್ನು ನಂಬಿ ಇನ್ಸುಲಿನ್ನಿನ ಚುಚ್ಚುಮದ್ದನ್ನು ಬಿಡುವವರ ವಿಷಯದಲ್ಲಿ ನಮಗೆ ದಾಕ್ಷಿಣ್ಯವಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಬರುವ ಮಧುಮೇಹದಲ್ಲಿ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಹಿರಿಯರು ಗುಳಿಗೆಯೊಡನೆ ಈ ನೀರನ್ನೂ ಕುಡಿಯುವುದಾದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಲಿ. ಸಕ್ಕರೆಯು ಮಿತಿಮೀರಿ ಇಳಿದರೂ ಕೇಡೇ.

ಲೋಟವನ್ನು ಇಟ್ಟುಕೊಂಡಿರುವ ಗೃಹಿಣಿಯರು ದಿನವೂ ತೊಳೆದು, ಗಾಳಿಯಾಡುವೆಡೆ ಬೋರಲು ಹಾಕಿ ಒಣಗಿಸಬೇಕು. ಒಳಗೆ ಬೂಸಲು ಕಂಡರೆ ಅದನ್ನು ಒಲೆಗೆ ಹಾಕಬಹುದು.