148ಕ್ಕೆ 5
ಈ ವಾರದ ಓದಿನಲ್ಲಿ ಎದುರಾದ ಒಂದು ಮತ ಎಣಿಕೆ ತಲೆಯಿಂದ ಇಳಿಯುತ್ತಿಲ್ಲ: 148ಕ್ಕೆ 5. ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ದ್ವೀಪದಲ್ಲಿ 1961ರಲ್ಲಿ ಊರಿನ ಮಗ್ಗುಲಲ್ಲೇ ನೆಲ ಬಿರಿದು ಲಾವಾ ಉಕ್ಕಿದಾಗ, ಅಲ್ಲಿದ್ದವರನ್ನೆಲ್ಲ ಇಂಗ್ಲೆಂಡಿಗೆ ಸಾಗಿಸಿದರು. ಮರಳಬೇಕೇ ಎಂದು ಆಮೇಲೆ ಮತಕ್ಕೆ ಹಾಕಿದಾಗ ಬೇಡವೆಂದವರು ಐವರೇ. ಇದನ್ನು ಹುಟ್ಟೂರಿನ ಬರೀ ವ್ಯಾಮೋಹವೆಂದು ತಳ್ಳಿಹಾಕುವುದು ಅನ್ಯಾಯ. ಸಂಬಳ, ಅಂಗಡಿ, ಆಸ್ಪತ್ರೆಗಳ ಬದುಕನ್ನು ಅವರು ದೂರದಿಂದ ಊಹಿಸಿರಲಿಲ್ಲ, ಬಾಳಿ ನೋಡಿಯೇ ತೂಗಿದ್ದರು. ಊರಲ್ಲಿ ಕಾದಿದ್ದುದಾದರೂ ಏನು? ಲಾಬ್‌ಸ್ಟರ್ ಕಾರ್ಖಾನೆ ಲಾವಾದ ಪಾಲಾಗಿತ್ತು, ದೋಣಿ ಎಳೆದಿಡುತ್ತಿದ್ದ ದಂಡೆಯೂ ಮುಚ್ಚಿಹೋಗಿತ್ತು. ಉಳಿದದ್ದು ಗಾಳಿಗೆ ಅಡ್ಡವಾಗಿ ಕಲ್ಲುಗೋಡೆ ಕಟ್ಟಿಕೊಂಡ ಆಲೂಗಡ್ಡೆಯ ತುಂಡುನೆಲಗಳು. ಆದರೆ ಆ ನೆಲ ತಮ್ಮದು, ಯಾವಾಗ ದುಡಿಯಬೇಕು, ಯಾವಾಗ ಕಡಲಿಗಿಳಿಯಬೇಕು ಎಂಬ ತೀರ್ಮಾನವೂ ತಮ್ಮದು. ಸಂಬಳದ ಲೆಕ್ಕದಲ್ಲಿ ಕಾಣದ ಈ ಸ್ವಾತಂತ್ರ್ಯಕ್ಕೆ ಅವರು ಬೆಲೆ ಕಟ್ಟಿದರು, ಸರಿಯಾಗಿಯೇ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಒಂದಷ್ಟು ಮಂದಿ ಮತ್ತೆ ಇಂಗ್ಲೆಂಡಿಗೆ ಹೊರಟರಲ್ಲ ಎನ್ನಬಹುದು. ಹೌದು, ಹೊರಟರು. ಅದರಿಂದ ಉಳಿದವರ ಆಯ್ಕೆ ಸುಳ್ಳಾಗುವುದಿಲ್ಲ. ಹೋಗುವ ದಾರಿ ತೆರೆದೇ ಇದ್ದರೂ ಅವರು ಉಳಿದರು ಎಂಬುದಷ್ಟೇ ಗಟ್ಟಿಯಾಗುತ್ತದೆ. ಅವರಿಗೆ ಇಂಗ್ಲೆಂಡಿನ ಮೇಲೆ ಮುನಿಸೂ ಇರಲಿಲ್ಲ: 1967ರಲ್ಲಿ ಸಿದ್ಧವಾದ ಪುಟ್ಟ ಬಂದರಿಗೆ, ಅಲ್ಲಿ ತಮಗೆ ಆಸರೆ ಕೊಟ್ಟ ಕ್ಯಾಲ್‌ಷಾಟ್‌ನ ಹೆಸರನ್ನೇ ಇಟ್ಟರು.