ಪುಣ್ಯಕೋಟಿಗೆ ಜಾಮೀನು ನಿಂತವರು ಯಾರು?

ಈ ಸಲದ ರಾಜ್ಯೋತ್ಸವಕ್ಕೆ ನಿಫಾಡ್ ತಾಲ್ಲೂಕಿನ ಓಝರಿನಲ್ಲಿರುವ ನಮ್ಮ ನಂಟರ ಮನೆಗೆ ಹೋಗಿದ್ದೆ. ವಿಮಾನ ಕಾರ್ಖಾನೆಯ ನೌಕರಿಯ ನಿಮಿತ್ತ ಬೆಂಗಳೂರಿನಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅಲ್ಲಿವೆ. ಮಕ್ಕಳು ಗೋವಿನ ಹಾಡನ್ನು ಅಭಿನಯಿಸಿದರು. ಕರುವಿಗೆ ಹಾಲುಣಿಸಿ ಮರಳಿ ಬರುವೆನೆಂದು ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ಹೊರಟಾಗ ಕಣ್ಣೊರೆಸಿಕೊಂಡವರಲ್ಲಿ ಹಿರಿಯರೇ ಹೆಚ್ಚು.

ಆಮೇಲೆ ಊಟದ ಪಂಕ್ತಿಯಲ್ಲಿ ಮಾತು ಪೈಠಣದ ಬಯಲು ಬಂದೀಖಾನೆಯ ಕಡೆಗೆ ಹೊರಳಿತು. ಅಲ್ಲಿ ಕೈದಿಗಳು ಹಗಲೆಲ್ಲ ಹೊಲದಲ್ಲಿ ದುಡಿಯುತ್ತಾರೆಂದು ಒಬ್ಬರು ಹೇಳಿದ್ದೇ ತಡ, ಈಗಷ್ಟೇ ಕಣ್ಣೊರೆಸಿಕೊಂಡಿದ್ದ ಮಹನೀಯರೊಬ್ಬರು ಗುಡುಗಿದರು: "ಕಳ್ಳರಿಗೂ ಕೊಲೆಗಡುಕರಿಗೂ ಇದೆಂಥ ಮಾವನ ಮನೆ ಸ್ವಾಮಿ! ಹೊರಗೆ ಬಿಟ್ಟವನು ತಿರುಗಿ ಬರುತ್ತಾನೆಂದು ಏನು ಗ್ಯಾರಂಟಿ?"

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಅಂದು ನಾನು ಸುಮ್ಮನಿದ್ದೆ. ಆ ತಪ್ಪಿಗೆ ಇದು ಪ್ರಾಯಶ್ಚಿತ್ತ.

ಮೊದಲನೆಯದಾಗಿ, "ಹಗಲು ಬಿಡಿ, ಸಂಜೆಗೆ ಬಂದು ಸೇರುತ್ತೇನೆ" ಎಂಬ ಬಂದಿಯ ಬೇಡಿಕೆ ಇಂದಿನ ಸುಧಾರಕರು ಹುಟ್ಟಿಸಿದ್ದಲ್ಲ. ಹದಿನೆಂಟನೆಯ ಶತಮಾನದ ಲಂಡನ್ನಿನ ಫ್ಲೀಟ್ ಮತ್ತು ಕಿಂಗ್ಸ್ ಬೆಂಚ್ ಸೆರೆಮನೆಗಳಲ್ಲಿ, ಸಾಲ ತೀರಿಸಲಾಗದೆ ಬಂಧನಕ್ಕೊಳಗಾದವರು ನ್ಯಾಯಾಲಯದ ಕಲಾಪಗಳು ನಡೆಯುವ ಕಾಲದಲ್ಲಿ ಹಗಲು ಹೊರಗೆ ಹೋಗಿಬರಲು ಅಪ್ಪಣೆ ಪಡೆಯಬಹುದಿತ್ತು. ಆದರೆ ಅದಕ್ಕೆ ಹಣ ಕಟ್ಟಬೇಕಿತ್ತು, ಜಾಮೀನೂ ಬೇಕಿತ್ತು. ಸಾಲ ತೀರಿಸಲು ಕಾಸಿಲ್ಲದೆ ಒಳಗೆ ಹೋದವನು ಒಂದು ಹಗಲಿನ ಗಾಳಿಗೂ ಕಾಸು ತರಬೇಕು! ತಂದವನು ಹೊರಗೆ, ತಾರದವನು ಒಳಗೆ. ಅಲ್ಲಿ ತೂಗಿದ್ದು ಬಂದಿಯ ನಡತೆಯನ್ನಲ್ಲ, ಅವನ ಜೇಬನ್ನು.

ಅದು ಅಂದಿನ ಲಂಡನ್ನಿನ ಮಾತೆಂದು ನಾವು ನಗುವಂತಿಲ್ಲ. ಮಧ್ಯಪ್ರದೇಶದ ಗಾರೆ ಕೆಲಸದ ಮೋತಿರಾಮನಿಗೆ ಜಾಮೀನು ಸಿಕ್ಕಿತು. ಆದರೆ ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಭದ್ರತೆ ಕೇಳಿತು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿತು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ಮೊತ್ತವನ್ನು 1,000 ರೂಪಾಯಿಗೆ ಇಳಿಸಿದರು. ಆ ತೀರ್ಪಿನಲ್ಲೇ ಅವರು ಕೇಳಿದ ಪ್ರಶ್ನೆಯ ಸಾರವಿದು: ನಾಳೆ ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಊರಿನಲ್ಲಿ ಬಂಧಿತನಾದರೆ, ಆ ಊರಿನಲ್ಲೇ ಆಸ್ತಿಯುಳ್ಳ ಜಾಮೀನುದಾರನನ್ನು ಅವನು ಎಲ್ಲಿಂದ ತಂದಾನು?

ದೂರದೂರಿನ ಕನ್ನಡಿಗನೆಂದರೆ ಬೇರಾರೂ ಅಲ್ಲ, ನಾವೇ. "ಕೆಟ್ಟು ಪಟ್ಟಣ ಸೇರು" ಎಂದು ಹೊರಟುಬಂದ ನಮ್ಮ ಹಿರಿಯರಿಗೆ ಇಲ್ಲಿ ಮೊದಲ ಕೆಲಸ ಸಿಕ್ಕಿದ್ದು ಹೇಗೆಂದು ನೆನಪಿಸಿಕೊಳ್ಳಿ. ಊರಿನವರೊಬ್ಬರು ಹೋಟೆಲು ಮಾಲೀಕರ ಮುಂದೆ "ಇವನು ನಮ್ಮ ಕಡೆಯ ಹುಡುಗ, ನಾನು ಜವಾಬುದಾರ" ಎಂದು ನಿಂತಿದ್ದರಿಂದ. ಅದು ಜಾಮೀನಲ್ಲದೆ ಮತ್ತೇನು? ಇಂದು ಕಲಬುರಗಿಯ, ಯಾದಗಿರಿಯ ಕೂಲಿಕಾರನೊಬ್ಬ ಇಲ್ಲಿನ ಸೆರೆಮನೆ ಸೇರಿದರೆ ಅವನ ಪರವಾಗಿ ಆ ಮಾತು ಹೇಳುವವರು ಯಾರು? 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರು. ತಪ್ಪು ಮಾಡಿದನೋ ಇಲ್ಲವೋ ತೀರ್ಮಾನವಾಗುವ ಮೊದಲೇ ಒಳಗಿರುವವರು!

ಎರಡನೆಯದಾಗಿ, ಗ್ಯಾರಂಟಿಯ ಪ್ರಶ್ನೆ. ಗೋಡೆಯಿಲ್ಲದ ಸೆರೆಮನೆಯನ್ನು ಈ ನೆಲದವರು 1939ರಷ್ಟು ಹಿಂದೆಯೇ ಮಾಡಿ ತೋರಿಸಿದ್ದಾರೆ. ಇಂದಿನ ಸಾಂಗ್ಲಿ ಜಿಲ್ಲೆಯ ಆಟಪಾಡಿಯ ಬಳಿ ಔಂಧ್ ಸಂಸ್ಥಾನದವರು ಸ್ವತಂತ್ರಪುರವೆಂಬ ಬಂದಿಗಳ ವಸಾಹತನ್ನು ತೆರೆದರು. ನಮ್ಮ ವಿಜಯಪುರ ಜಿಲ್ಲೆಯ ಗುಣದಾಳವೂ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಆ ಯೋಜನೆಯ ಹಿಂದಿದ್ದ ಮಾರಿಸ್ ಫ್ರೀಡ್ಮನ್ ಎಂಬ ಪೋಲೆಂಡಿನ ಇಂಜಿನಿಯರರು ಭಾರತಕ್ಕೆ ಬಂದದ್ದೇ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯ ಕೆಲಸಕ್ಕೆ. ಶಾಂತಾರಾಮರು 1957ರಲ್ಲಿ 'ದೋ ಆಂಖೇಂ ಬಾರಹ ಹಾಥ್' ಚಿತ್ರ ತೆಗೆದದ್ದು ಈ ಪ್ರಯೋಗದ ಸ್ಫೂರ್ತಿಯಿಂದಲೇ. ಆ ಚಿತ್ರಕ್ಕೆ ಚಪ್ಪಾಳೆ ತಟ್ಟಿದವರು ಬಯಲು ಬಂದೀಖಾನೆಯೆಂದರೆ ಬೆಚ್ಚುವುದು ವಿಚಿತ್ರವಲ್ಲವೆ?

ಮಾತಿಗೆ ತಪ್ಪುವವರು ಇರುವುದಿಲ್ಲವೆ? ಇರುತ್ತಾರೆ. ನೊಂದವರ ಭಯವನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಯಲು ಬಂದೀಖಾನೆಗೆ ಯಾರನ್ನೆಂದರೆ ಅವರನ್ನು ಕಳಿಸುವುದಿಲ್ಲ. ನಡತೆ ನೋಡಿ ಆರಿಸಿದವರನ್ನು ಕಳಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಇಂದಲ್ಲ ನಾಳೆ ಬಿಡುಗಡೆಯಾಗಿ ನಮ್ಮ ಬೀದಿಗೇ ಬರತಕ್ಕವರು. ಹೊಲ ಉತ್ತು, ಕೂಲಿ ಪಡೆದು, ಸಂಜೆಯ ಹಾಜರಿಗೆ ತಾನಾಗಿ ಬಂದು ನಿಲ್ಲುವುದನ್ನು ಕಲಿತವನು ಬರುವುದು ಲೇಸೋ, ಹತ್ತು ವರ್ಷ ಕತ್ತಲಲ್ಲಿ ಕೊಳೆತು ದ್ವೇಷ ತುಂಬಿಕೊಂಡವನು ಬರುವುದು ಲೇಸೋ?

ಇನ್ನು ನಮ್ಮ ತವರಿನ ಸಂಗತಿ. ಬೆಂಗಳೂರು ಕೇಂದ್ರ ಕಾರಾಗೃಹದಿಂದ ರಾಮಮೂರ್ತಿ ಎಂಬ ಕೈದಿ 1984ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ. ದುಡಿಮೆಗೆ ನ್ಯಾಯವಾದ ಕೂಲಿ ಸಿಗದಿರುವುದು ಅದರಲ್ಲಿನ ದೂರುಗಳಲ್ಲೊಂದು. ಅಂತಿಮ ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಕನಿಷ್ಠ ಜಿಲ್ಲಾ ಕೇಂದ್ರಗಳಲ್ಲಾದರೂ ಬಯಲು ಬಂದೀಖಾನೆ ತೆರೆಯುವ ಬಗ್ಗೆ ಯೋಚಿಸಿರೆಂದು ಆ ತೀರ್ಪು ಹೇಳಿತು. ಹಾಗೆ ಹೇಳಿ ಇಪ್ಪತ್ತೈದು ವರ್ಷ ಕಳೆದ ಮೇಲೆ, 2022ರ ಅಧಿಕೃತ ವರದಿಯಲ್ಲಿ ಮಹಾರಾಷ್ಟ್ರದ ಲೆಕ್ಕಕ್ಕೆ 19 ಬಯಲು ಬಂದೀಖಾನೆಗಳು. ಕರ್ನಾಟಕದ ಲೆಕ್ಕಕ್ಕೆ ಒಂದೇ ಒಂದು. ಪತ್ರ ಬರೆದ ಕೈದಿ ಕನ್ನಡ ನಾಡಿನ ಸೆರೆಮನೆಯವನು, ಪುಣ್ಯಕೋಟಿಯೂ ಕನ್ನಡದವಳು. ನಂಬಿ ಹೊರಗೆ ಬಿಡುವ ಧೈರ್ಯ ಮಾತ್ರ ನಮ್ಮದಲ್ಲವೋ?

ನಿಫಾಡಿನಲ್ಲಿ 1842ರಲ್ಲಿ ಹುಟ್ಟಿದ ನ್ಯಾಯಮೂರ್ತಿ ರಾನಡೆಯವರ ಹೆಸರನ್ನು ನಾವೆಲ್ಲ ಗೌರವದಿಂದ ಹೇಳುತ್ತೇವೆ. ಅವರ ಪತ್ನಿ ರಮಾಬಾಯಿಯವರು ಕೇಂದ್ರ ಕಾರಾಗೃಹದ ಮಹಿಳಾ ವಿಭಾಗಕ್ಕೆ ಹೋಗಿ ಬಂದಿ ಹೆಂಗಸರೊಡನೆ ಮಾತನಾಡಿ ಧೈರ್ಯ ತುಂಬುತ್ತಿದ್ದರು. ನಮ್ಮ ಸಂಘದ ಮಹಿಳಾ ವಿಭಾಗಕ್ಕೆ ಇದು ಅಸಾಧ್ಯವೆ?

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಬೇಡಿಕೆ ಇಷ್ಟೇ. ಅಧಿಕಾರಿಗಳ ಅನುಮತಿ ಪಡೆದು ಇಲ್ಲಿನ ಸೆರೆಮನೆಗಳಲ್ಲಿರುವ ಕನ್ನಡ ಮಾತಿನವರನ್ನು ಗುರುತಿಸೋಣ. ಊರಿಗೆ ಕಾಗದ ಬರೆಯಲು, ಅರ್ಜಿ ತಿಳಿಯಲು ಅವರಿಗೆ ನೆರವಾಗೋಣ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರನ್ನು ತಲುಪಿಸೋಣ. ವಿಚಾರಿಸಿ ನೋಡಿ ತಕ್ಕವನೆಂದು ಕಂಡರೆ ನಮ್ಮಲ್ಲಿ ಒಬ್ಬಿಬ್ಬರು ಜಾಮೀನು ನಿಲ್ಲೋಣ. ಮೊದಲ ಹೆಸರು ನನ್ನದಿರಲಿ. ಎರಡನೆಯ ಹೆಸರನ್ನು, ಅಂದು ಓಝರಿನಲ್ಲಿ ಕಣ್ಣೊರೆಸಿಕೊಂಡ ಆ ಮಹನೀಯರಿಂದಲೇ ನಾನು ನಿರೀಕ್ಷಿಸುತ್ತೇನೆ.