ಮಿಸ್ಡ್ ಕಾಲ್ ಎಂಬ ನಮ್ಮದೇ ಭಾಷೆ

ನೀವು ಕೊನೆಯ ಸಲ ಬೇಕಂತಲೇ ಮಿಸ್ಡ್ ಕಾಲ್ ಕೊಟ್ಟಿದ್ದು ಯಾವಾಗ? ಬ್ಯಾಂಕಿಗೋ ಕಂಪನಿಗೋ ಅಲ್ಲ, ಮನೆಯವರಿಗೆ. ನನಗಂತೂ ನೆನಪಾಗುತ್ತಿಲ್ಲ. ಒಂದು ಕಾಲಕ್ಕೆ ದಿನಾ ಮಾಡುತ್ತಿದ್ದ ಕೆಲಸ ಹೀಗೆ ಸದ್ದಿಲ್ಲದೆ ಬಿಟ್ಟುಹೋಗಿದೆ. ಅದರ ಜೊತೆ ಇನ್ನೂ ಏನೋ ಹೋಗಿದೆ ಅನ್ನಿಸಿದ್ದರಿಂದ ಈ ಬರಹ.

ನಮ್ಮದು ಇಳಕಲ್. ನಾನು ತೀರ ಚಿಕ್ಕವನಿದ್ದಾಗ ನಮ್ಮ ಓಣಿಗೆಲ್ಲ ಒಂದೇ ಫೋನು. ಲಗ್ನಪತ್ರಿಕೆಯಲ್ಲಿ ನಂಬರಿನ ಪಕ್ಕ 'ಪಿ.ಪಿ.' ಅಂತ ಹಾಕಿಸುತ್ತಿದ್ದರು. ಫೋನು ಪಕ್ಕದ ಮನೆಯದು, ಕರೆದು ಕೊಡುತ್ತಾರೆ ಅಂತ ಅರ್ಥ. ಮಗ್ಗದ ಸದ್ದಿನ ನಡುವೆ "ನಿಮಗ ಫೋನ್ ಬಂದೈತ್ರೀ" ಅಂತ ಯಾರಾದರೂ ಕೂಗಬೇಕಿತ್ತು. ಓಡಿ ಹೋಗಿ ಮಾತಾಡಿ ಬರುವಷ್ಟರಲ್ಲಿ ಯಾರ ಫೋನು, ಏನು ಸುದ್ದಿ ಅಂತ ಓಣಿಗೆಲ್ಲ ಗೊತ್ತು.

ಆಮೇಲೆ ಮೊಬೈಲ್ ಬಂತು. ಬಂದ ಕರೆಗೂ ದುಡ್ಡು ಕೊಡುವ ಪದ್ಧತಿ 2003ರಲ್ಲಿ ಹೋಗಿ, ಮಾಡಿದವನೇ ಕೊಡುವ ಪದ್ಧತಿ ಬಂದ ಮೇಲೆ ನಮ್ಮಂಥವರ ಮನೆಗೂ ಒಂದು ಸಣ್ಣ ಹ್ಯಾಂಡ್‌ಸೆಟ್ ಬಂತು. ಕರೆ ಎತ್ತಿದ ಮೇಲಷ್ಟೇ ದುಡ್ಡಿನ ಲೆಕ್ಕ ಶುರು, ರಿಂಗಾಗುವ ತನಕ ಪುಕ್ಕಟೆ. ಯಾರು ಮಾಡಿದ್ದು ಅಂತ ಪರದೆಯ ಮೇಲೆ ಕಾಣುತ್ತದೆ. ಈ ಎರಡನ್ನೂ ಕೂಡಿಸಿ ನಮ್ಮ ಜನ ಒಂದು ಭಾಷೆಯನ್ನೇ ಕಟ್ಟಿಬಿಟ್ಟರು. ಯಾವ ಕಂಪನಿಯೂ ಹೇಳಿಕೊಟ್ಟಿದ್ದಲ್ಲ!

ಬಾಗಲಕೋಟೆಯಲ್ಲಿ ಪಿಯುಸಿ ಓದುವಾಗ ನಮ್ಮನೆಯ ನಿಘಂಟು ಹೀಗಿತ್ತು. ಒಂದು ಮಿಸ್ಡ್ ಕಾಲ್ ಅಂದರೆ ಬಸ್ಸು ಹತ್ತಿದೆ. ಎರಡನೆಯದು ಬಂದರೆ ಹುನಗುಂದ ದಾಟಿದೆ, ಅಪ್ಪ ಬಸ್‌ಸ್ಟ್ಯಾಂಡಿಗೆ ಹೊರಡಬಹುದು. ಬಿಡದೆ ಬಾರಿಸಿದರೆ ಮಾತ್ರ ತುರ್ತು, ಎತ್ತಬೇಕು. ಮಗ್ಗದ ಸದ್ದಿನಲ್ಲಿ ರಿಂಗು ಕೇಳದಿದ್ದರೂ ಚಿಂತೆಯಿಲ್ಲ, ಲೆಕ್ಕ ಪರದೆಯ ಮೇಲೆ ಇರುತ್ತಿತ್ತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಂತೂ ಗದ್ದಲಕ್ಕೆ ಮಾತೇ ಕೇಳಿಸುವುದಿಲ್ಲ. ಅಲ್ಲಿ ಮಿಸ್ಡ್ ಕಾಲ್ ಅಂದರೆ 'ಎಲ್ಲರೂ ಹೊಂಡದ ದಂಡೆಗೆ ಬನ್ನಿ' ಅಂತ. ಅದೇ ರಿಂಗಿಗೆ ಪಕ್ಕದ ಮನೆಯಲ್ಲಿ ಬೇರೆಯೇ ಅರ್ಥ.

ವ್ಯಾಪಾರಸ್ಥರಿಗೂ ಇದರ ಬೆಲೆ ಗೊತ್ತಾಯಿತು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಪ್‌ಡಯಲ್ ಮಿಸ್ಡ್ ಕಾಲನ್ನೇ ದಂಧೆ ಮಾಡಿಕೊಂಡಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಕರೆಗೆ ದುಡ್ಡಿಲ್ಲ ಅಂದ ಮೇಲೆ ಮಿಸ್ಡ್ ಕಾಲ್ ಕೊಡುವ ಅಗತ್ಯವೇ ಹೋಯಿತು.

ಇದು ಬಡತನ ಹುಟ್ಟಿಸಿದ ಜಾಣತನ, ಒಪ್ಪುತ್ತೇನೆ. ಹೋಯಿತಲ್ಲ ಅಂತ ಕಣ್ಣೀರು ಹಾಕುವವನು ನಾನಲ್ಲ. ಇವತ್ತು ಅವ್ವ ಕಂಡಿಕೆ ಸುತ್ತುತ್ತಲೇ ವಿಡಿಯೋದಲ್ಲಿ ನನ್ನ ಮುಖ ನೋಡುತ್ತಾಳೆ. ಓದು ಬರಹ ಬಾರದ ಅಜ್ಜಿ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಅಕ್ಕ ತನ್ನ ಕಷ್ಟಸುಖವನ್ನು ಓಣಿಗೆ ಕೇಳಿಸದಂತೆ ಹೇಳಿಕೊಳ್ಳಬಹುದು. ಪಿ.ಪಿ. ನಂಬರಿನ ಕಾಲದಲ್ಲಿ ಇದು ಆಗುತ್ತಿತ್ತೇ?

ನನ್ನನ್ನು ಕಾಡುವುದು ಬೇರೆ. ಆಗ ಸದ್ದಿಗೆ ಅರ್ಥ ಕೊಟ್ಟವರು ನಾವು. ಈಗ ಅರ್ಥವೂ ಸಿದ್ಧವಾಗಿಯೇ ಬರುತ್ತದೆ. ನೀಲಿ ಟಿಕ್ ಅಂದರೇನು, 'ಲಾಸ್ಟ್ ಸೀನ್' ಅಂದರೇನು, ಎಲ್ಲ ಯಾರೋ ಎಲ್ಲೋ ಕೂತು ತೀರ್ಮಾನಿಸಿಯಾಗಿದೆ. "ರಾತ್ರಿ ಎರಡಕ್ಕೂ ಎಚ್ಚರ ಇದ್ದೆಲ್ಲೋ, ಆರಾಮ ಅದಿ ಇಲ್ಲೋ?" ಅಂತ ಅವ್ವ ಬೆಳಿಗ್ಗೆ ಕೇಳುತ್ತಿದ್ದಳು. ಟಿಕ್ ನೀಲಿಯಾಗಿಯೂ ಉತ್ತರ ಬರದಿದ್ದರೆ ಆಕೆಗೆ ಸಿಟ್ಟಲ್ಲ, ಹೆದರಿಕೆ. ಎರಡು ರಿಂಗಿನಲ್ಲಿ ನೆಮ್ಮದಿಯಾಗಿದ್ದವಳಿಗೆ ದಿನವಿಡೀ ಮಾಹಿತಿ ಸಿಕ್ಕರೂ ನೆಮ್ಮದಿ ಇಲ್ಲ. ಆಗ ಫೋನು ಸುಮ್ಮನಿದ್ದರೆ ಎಲ್ಲ ಸರಿಯಿದೆ ಅಂತ. ಈಗ ಸುಮ್ಮನಿದ್ದರೆ ಏನೋ ಆಗಿದೆ ಅಂತ.

ನಾನೂ ಸಾಫ್ಟ್‌ವೇರಿನವನೇ. ಯಾವ ಹೊತ್ತಿಗೆ ನೋಟಿಫಿಕೇಶನ್ ಕಳಿಸಿದರೆ ಜನ ಆ್ಯಪ್ ತೆರೆಯುತ್ತಾರೆ ಅನ್ನುವುದನ್ನು ನಮ್ಮ ಕೆಲಸದಲ್ಲಿ ಅಳೆಯುತ್ತಾರೆ. ತೆರೆದವರಿಗೆ ನೆಮ್ಮದಿಯಾಯಿತೇ ಅನ್ನುವ ಕಾಲಂ ಮಾತ್ರ ಯಾವ ರಿಪೋರ್ಟಿನಲ್ಲೂ ನಾನು ನೋಡಿಲ್ಲ. ಮಿಸ್ಡ್ ಕಾಲ್ ಇದಕ್ಕೆ ತದ್ವಿರುದ್ಧ. ಎತ್ತದಿದ್ದರೇನೇ ಅದು ಸಾರ್ಥಕ!

ಹಳೆಯ ಫೋನಿಗೆ ಹಿಂದಿರುಗಿ ಅಂತ ಹೇಳುತ್ತಿಲ್ಲ. ಆದರೆ ಅರ್ಥ ಕೊಡುವ ಅಧಿಕಾರವನ್ನು ಫೋನಿನ ಜೊತೆಗೇ ಒಪ್ಪಿಸಬೇಕೆಂದು ಎಲ್ಲೂ ಬರೆದಿಲ್ಲ. ನೀಲಿ ಟಿಕ್, 'ಲಾಸ್ಟ್ ಸೀನ್' ಎರಡನ್ನೂ ಬಂದ್ ಮಾಡಿಡಬಹುದು. ಹೋದ ದೀಪಾವಳಿಗೆ ಮನೆಯವರೆಲ್ಲ ಕೂತು ಮಾತಾಡಿ ಹಾಗೇ ಮಾಡಿದೆವು. ಹೊಸ ಕರಾರು ಇಷ್ಟೇ: ರಾತ್ರಿ ಊಟವಾದ ಮೇಲೆ ನನ್ನದೊಂದು ಮೆಸೇಜ್. ಬಂದರೆ ಎಲ್ಲ ಕ್ಷೇಮ. ತುರ್ತಿದ್ದರೆ ಕರೆ. ಉಳಿದದ್ದೇನೂ ಲೆಕ್ಕಕ್ಕಿಲ್ಲ. ಅವ್ವನ ಬೆಳಗಿನ ವಿಚಾರಣೆ ನಿಂತಿದೆ :)

ನಿಮ್ಮನೆಯ ಮಿಸ್ಡ್ ಕಾಲ್ ನಿಘಂಟಿನಲ್ಲಿ ಏನೇನಿತ್ತು? ಈಗ ಅದರ ಜಾಗದಲ್ಲಿ ನೀವೇ ಮಾಡಿಕೊಂಡ ಕರಾರು ಏನಾದರೂ ಇದೆಯಾ? ಇಲ್ಲವಾದರೆ ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಮ್ಮೆ ಕೂತು ಮಾತಾಡಿ ನೋಡಿ.